ರೊಟ್ಟಿಗೆ ಹೆದರಿದ ವರ್ಷ

ಹಾವಿಗೆ ಹೆದರುವವರಿದ್ದಾರೆ, ಗುಡುಗಿಗೆ ಹೆದರುವವರಿದ್ದಾರೆ, ಇನ್‌ಸ್ಪೆಕ್ಟರು ಬರುತ್ತಾರೆಂದರೆ ಹೆದರುವ ನನ್ನಂಥ ಶಾಲೆಯ ಅಕ್ಕೋರುಗಳಂತೂ ಊರೂರಿಗೆ ಇದ್ದಾರೆ. ಆದರೆ ಇಡೀ ಒಂದು ವರ್ಷ ಜೋಳದ ರೊಟ್ಟಿಗೆ ಹೆದರಿ ಬದುಕಿದವರು ಬಹುಶಃ ನಾನೊಬ್ಬಳೇ ಇರಬೇಕು. ಅದೂ ಎಲ್ಲಿ? ನವಲಗುಂದ ತಾಲೂಕಿನ ಮೊರಬದಲ್ಲಿ. ಬೆಳಗಾದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುವ ಊರು ಅದು. ಆ ಸಪ್ಪಳ ಶುರುವಾದರೆ ಸಾಕು, ನನ್ನ ಎದೆಯೂ ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ನಗಬೇಡಿ. ಆಗ ನನಗೂ ನಗು ಬರುತ್ತಿರಲಿಲ್ಲ.

ಎಂಬತ್ತರ ದಶಕದ ನಡುಗಾಲದ ಮಾತು. ನನಗೆ ನಲವತ್ತು ತುಂಬಿರಲಿಲ್ಲ. ಮಕ್ಕಳಿಗೆಂದು ತರಗತಿಯ ಮೂಲೆಯಲ್ಲಿಟ್ಟ ಕೊಡದ ನೀರನ್ನು ಅರ್ಧದಷ್ಟು ನಾನೇ ಕುಡಿಯುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಹುಬ್ಬಳ್ಳಿಯ ಬಸ್ಸು ಹತ್ತಿ ಡಾಕ್ಟರಲ್ಲಿಗೆ ಹೋದೆ. ಸಕ್ಕರೆ ಬೇನೆ ಎಂದರು. ಆ ಹೆಸರು ನನಗೆ ಹೊಸದಲ್ಲ. ನನ್ನ ಅಪ್ಪನ ಬಲಗಾಲಿಗೆ ಹೊಲದಲ್ಲಿ ಒಂದು ಜಾಲಿಮುಳ್ಳು ಚುಚ್ಚಿತ್ತು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗಿನ ಕಾಲು, ಆಮೇಲೆ ಅಪ್ಪನೇ ಹೋದ. ಡಾಕ್ಟರು ಇನ್ನೂ ಚೀಟಿ ಬರೆಯುತ್ತಿರುವಾಗಲೇ ನಾನು ಕುರ್ಚಿಯ ಕೆಳಗೆ ನನ್ನ ಎರಡೂ ಕಾಲು ಇವೆಯೋ ಇಲ್ಲವೋ ಎಂದು ಒಂದಕ್ಕೊಂದು ತಾಗಿಸಿ ನೋಡಿಕೊಂಡೆ.

"ರೊಟ್ಟಿ ಅರ್ಧಕ್ಕಿಂತ ಹೆಚ್ಚ ಬ್ಯಾಡ್ರಿ ಅಕ್ಕಾರ. ಅನ್ನ, ಬೆಲ್ಲ, ಬಾಳಿಹಣ್ಣು ಪೂರಾ ಬಂದ್," ಎಂದರು ಡಾಕ್ಟರು. "ಬರೇ ಬಿಟ್ರ ಸಾಲೂದಿಲ್ಲ, ಹೊಟ್ಟಿಗೆ ಪ್ರೋಟೀನ್ ಹೋಗಬೇಕು. ಇಲ್ಲಾಂದ್ರ ಮೈ ತನ್ನ ಮಾಂಸಾನ ತಾನ ತಿನ್ನಾಕ ಹತ್ತತೈತಿ. ತತ್ತಿ ತಿಂತೀರೇನು?"

ನಮ್ಮದು ಶಿವಭಕ್ತರ ಮನೆ. ಮೊಟ್ಟೆಯ ಮಾತು ಕಿವಿಗೆ ಬಿದ್ದಿದ್ದಕ್ಕೇ ನನ್ನ ಕೈ ಕೊರಳಿನ ಲಿಂಗದ ಕಡೆಗೆ ಹೋಯಿತು.

"ಹೋಗ್ಲಿ ಬಿಡ್ರಿ. ಹಾಲು, ಮಸರು?"

"ಕಾಶ್ಯಾಗ ಬಿಟ್ಟ ಬಂದೀನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು: "ಮತ್ತ ಏನ ಉಳೀತ್ರಿ?"

ಈ ಕಾಶಿಯ ಕತೆಯನ್ನು ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಕಾಶಿಗೆ ಹೋದವರು ಅಲ್ಲಿ ತಮಗೆ ಪ್ರೀತಿಯ ಒಂದು ತಿನಿಸನ್ನು ದೇವರಿಗೆ ಬಿಟ್ಟು ಬರಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪ್ರೀತಿಯದನ್ನೇ ಬಿಡಬೇಕೆಂಬ ಮಾತನ್ನು ಮಾತ್ರ ಎಲ್ಲರೂ ಮರೆತಂತೆ ಮಾಡುತ್ತಾರೆ. ನನ್ನ ಜೊತೆ ಬಂದಿದ್ದ ನೆಗೆಣ್ಣಿ, ಬೇರೆ ಮನೆ ಮಾಡಿಕೊಂಡಿರುವ ನನ್ನ ವಾರಗಿತ್ತಿ, ಹಾಗಲಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಅದನ್ನು ಅವಳು ಬಾಯಿಗಿಟ್ಟಿದ್ದನ್ನು ಕಂಡವರಿಲ್ಲ. ನನ್ನ ಗಂಡ ಸೀತಾಫಲ ಬಿಟ್ಟರು. ಅದರ ಬೀಜ ಉಗುಳುವ ತಾಪತ್ರಯವೇ ಅವರಿಗೆ ಬೇಡವಾಗಿತ್ತು. ನನಗೆ ಆ ಹೊತ್ತಿಗೆ ಎಲ್ಲಿತ್ತೋ ಗತ್ತು. ನೆಗೆಣ್ಣಿಯ ಮುಖವನ್ನೇ ನೋಡುತ್ತ, ಗಂಗೆಯಲ್ಲಿ ಸೊಂಟದವರೆಗೆ ನಿಂತು, "ಹೈನೆಲ್ಲಾ ಬಿಟ್ಟೆ" ಎಂದುಬಿಟ್ಟೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಎಲ್ಲಾ. ಚಾಕುವಿನಿಂದ ಕೊಯ್ಯಬಹುದಾದ ಗಟ್ಟಿ ಮೊಸರಿಲ್ಲದೆ ಒಂದು ದಿನವೂ ಉಂಡವಳಲ್ಲ ನಾನು. ದೇವರಿಗೆ ಖುಷಿಯಾಯಿತೋ ಇಲ್ಲವೋ, ನೆಗೆಣ್ಣಿಯ ಮುಖ ಸಣ್ಣದಾಗಿದ್ದನ್ನು ಕಂಡು ನನಗಂತೂ ಆಯಿತು. ಆ ಸಂತೋಷದ ದಂಡವನ್ನೇ ಈಗ ಕಟ್ಟುತ್ತಿದ್ದೇನೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು.

ಹರಕೆ ಮುರಿಯಬಹುದಿತ್ತಲ್ಲ ಎನ್ನುತ್ತೀರಿ. ಡಾಕ್ಟರೂ ಅಂದರು. ಆದರೆ ನನ್ನ ಸ್ಥಿತಿ ನೋಡಿ. ಹಾಲು ಕುಡಿಯದಿದ್ದರೆ ಮೈ ಕರಗುತ್ತದೆಂಬ ಹೆದರಿಕೆ, ಕುಡಿದರೆ ಗಂಗೆಯಲ್ಲಿ ನಿಂತು ಆಡಿದ ಮಾತು ಕಾಲಿಗೆ ಬಂದು ತಗಲುತ್ತದೆಂಬ ಹೆದರಿಕೆ. ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆಯ ಕೆಳಗೆ ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ. ಕೈ ಮೇಲೆ ಹೋಗುತ್ತಿತ್ತು, ಅಪ್ಪನ ಕಾಲು ನೆನಪಾಗುತ್ತಿತ್ತು, ಕೈ ಕೆಳಗೆ ಬರುತ್ತಿತ್ತು.

ಉಳಿದದ್ದು ಕಾಳು. ಪ್ರೋಟೀನಿಗೆ ನಮ್ಮ ಪಠ್ಯಪುಸ್ತಕದ ಹೆಸರು ಸಸಾರಜನಕ. ನಾಲ್ಕನೆಯ ಇಯತ್ತೆಯ ಮಕ್ಕಳಿಂದ ಆ ಶಬ್ದವನ್ನು ಹತ್ತತ್ತು ಸಲ ಬರೆಯಿಸಿದವಳು ನಾನು; ಅದು ನನ್ನ ಅಡುಗೆಮನೆಯ ಯಾವ ಡಬ್ಬಿಯಲ್ಲಿದೆ ಎಂದು ಒಮ್ಮೆಯೂ ಯೋಚಿಸಿದವಳಲ್ಲ. ಈಗ ಡಬ್ಬಿಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟುಕೊಂಡು ಕೂತೆ. ಹೆಸರು, ಮಡಿಕೆ, ಹುರುಳಿ, ಕಡಲೆ, ಶೇಂಗಾ, ಗುರೆಳ್ಳು, ಅಗಸಿ. ಆದರೆ ಡಾಕ್ಟರು ಮೊದಲೇ ಎಚ್ಚರ ಹೇಳಿದ್ದರು: ಕಾಳಿನಲ್ಲಿ ಸಸಾರಜನಕವೂ ಇದೆ, ಪಿಷ್ಟವೂ ಇದೆ, ಅಳತೆ ಮೀರಬಾರದು. ಕಾಯುವುದೂ ಅದೇ, ಕಡಿಯುವುದೂ ಅದೇ ಎಂದಾದರೆ ಯಾವುದನ್ನು ನಂಬಬೇಕು? ಶೇಂಗಾ, ಗುರೆಳ್ಳುಗಳ ಮೇಲೆ ಸ್ವಲ್ಪ ಹೆಚ್ಚು ವಿಶ್ವಾಸವಿಟ್ಟೆ. ನಮ್ಮ ಎತ್ತುಗಳನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದೂ ಆಗಲೇ. ಅವು ಯಾವ ಡಾಕ್ಟರನ್ನೂ ಕೇಳದೆ ಜೋಳದ ದಂಟಿನ ಕಣಿಕೆ ತಿಂದು, ಹಿಂಡಿ ತಿಂದು, ಎರೆಹೊಲದಲ್ಲಿ ನೇಗಿಲು ಎಳೆಯುವಷ್ಟು ಮಾಂಸ ಕಟ್ಟಿಕೊಂಡಿದ್ದವು. ಆನೆಯೂ ಸೊಪ್ಪು ತಿಂದೇ ಆನೆಯಾಗುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಅದು ದಿನವಿಡೀ ತಿನ್ನುತ್ತದೆ ಎಂಬುದನ್ನು ಹೇಳಲು ಮರೆತಿದ್ದೆ.

ಒಮ್ಮೆ ಹುಬ್ಬಳ್ಳಿಯ ಅಂಗಡಿಯಿಂದ ಸೋಯಾದ ಒಣ ಉಂಡೆಗಳನ್ನೂ ತಂದೆ. ಆಗ ಅವು ನಮ್ಮ ಕಡೆಗೆ ಹೊಸವು. ನೆನೆಸಿ ಹಿಂಡಿ ಒಗ್ಗರಣೆ ಹಾಕಿದರೆ, ಅಗಿಯುವಾಗ ಅದು ನಾವು ಎಂದೂ ತಿನ್ನದ ಪದಾರ್ಥದಂತೆ ಇರುತ್ತದೆ ಎಂದು ತಿಂದವರು ಹೇಳಿದ್ದರು. ನಮ್ಮ ಅತ್ತೆ ಒಂದನ್ನು ಬೆರಳಿನಿಂದ ಒತ್ತಿ, ಅದು ಮತ್ತೆ ಉಬ್ಬಿದ್ದನ್ನು ನೋಡಿ, ಎದ್ದುಹೋಗಿ ಕೈ ತೊಳೆದುಕೊಂಡು ಬಂದರು. ನಾನೂ ಎದ್ದು ಅದನ್ನು ತಿಪ್ಪೆಗೆ ಹಾಕಿ ಬಂದೆ. ಅತ್ತೆಗೆ ನಾನು ಸಕ್ಕರೆ ಬೇನೆಗಿಂತ ಒಂದು ಗುಲಗಂಜಿಯಷ್ಟೇ ಕಡಿಮೆ ಹೆದರುತ್ತಿದ್ದೆ.

ಹೀಗೆ ಲೆಕ್ಕ ಶುರುವಾಯಿತು. ದಿನಾ ಮನೆಯವರ ಕಾಳಿನ ಜೊತೆ ನನ್ನ ಪಾಲಿಗೆಂದು ಎರಡು ಹಿಡಿ ಹೆಚ್ಚು ನೆನೆಹಾಕುವುದು, ಅದನ್ನು ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆದಿಡುವುದು. ಸಕ್ಕರೆ ಎಷ್ಟಿದೆಯೆಂದು ನೋಡಲು ಬೆಳಿಗ್ಗೆ ಬಚ್ಚಲ ಹಿಂದೆ ಗಾಜಿನ ನಳಿಕೆಯಲ್ಲಿ ಡಾಕ್ಟರು ಕೊಟ್ಟ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬೆರೆಸಿ ಕುದಿಸುವುದು. ನೀಲಿ ಹಾಗೇ ಉಳಿದರೆ ಬದುಕಿದೆ, ಹಸಿರಾದರೆ ಪರವಾಗಿಲ್ಲ, ಇಟ್ಟಂಗಿಯ ಬಣ್ಣಕ್ಕೆ ತಿರುಗಿದರೆ ಆ ದಿನ ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ನನ್ನ ನಾಲಿಗೆ ತಡವರಿಸುತ್ತಿತ್ತು. ರೊಟ್ಟಿ ಅರ್ಧಕ್ಕೆ ಇಳಿಸಿದ ಮೇಲೆ ಬಣ್ಣವೇನೋ ಸುಧಾರಿಸಿತು. ಮೈ ಮಾತ್ರ ಇಳಿಯುತ್ತಲೇ ಹೋಯಿತು. ರವಿಕೆಗಳು ಅಕ್ಕನವು ಎನ್ನುವಂತಾದವು. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಕೈಯ ಹಸಿರು ಬಳೆ ತಾನಾಗಿಯೇ ಜಾರಿ ಕೊಣಮಿಗೆಯೊಳಗೆ ಬಿತ್ತು. ಮುತ್ತೈದೆಯ ಬಳೆ ಹಾಗೆ ಬೀಳಬಾರದು. ಎದುರಿಗೆ ಅತ್ತೆ ಕೂತಿದ್ದರು. ಹಿಟ್ಟಿನಿಂದ ಬಳೆ ತೆಗೆದು, ಒರೆಸಿ, ನನ್ನ ಕೈಗೆ ಹಾಕಿ, "ನಾಳೆ ಡಾಕ್ಟರ ಕಡೆ ನಾನೂ ಬರ್ತೀನಿ" ಎಂದಷ್ಟೇ ಹೇಳಿದರು.

ಡಾಕ್ಟರು ತೂಕ ನೋಡಿದರು, ನನ್ನ ಪುಸ್ತಕ ನೋಡಿದರು, ಮತ್ತೆ ತೂಕ ನೋಡಿದರು. "ಇಷ್ಟ ಕಾಳ ತಿಂದೂ ಮೈ ಇಳ್ಯಾಕತ್ತೈತಿ ಅಂದ್ರ ಒಳಗ ಬ್ಯಾರೆ ಏನರೆ ಇರಬಹುದ್ರಿ. ಎದಿ ಫೋಟೋ ತಗಸೂಣು," ಎಂದರು. ಕ್ಷಯವೇ ಇರಬೇಕೆಂದು ನನಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು. ಮಕ್ಕಳಿಬ್ಬರಿಗೂ ಇನ್ನೂ ಶಾಲೆ ಮುಗಿದಿಲ್ಲ, ಅವರ ಅಂಗಿಗೆ ಗುಂಡಿ ಹಚ್ಚುವವರು ಯಾರು ಎಂಬಲ್ಲಿಯವರೆಗೂ ನನ್ನ ಯೋಚನೆ ಹೋಗಿತ್ತು.

ಆಗ ಅತ್ತೆ, ಬಾಗಿಲ ಹತ್ತಿರ ಸೆರಗು ಹೊದ್ದು ನಿಂತವರು, ಊರಲ್ಲಿ ಮಳೆ ಬಂದಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದರು:

"ಬರದಾಳಂದ್ರ ತಿಂದಾಳಂತ ಅಲ್ರಿ ಡಾಕ್ಟರ. ಅದು ಕುದಿಯಾಕ ಹಾಕಿದ ಕಾಳು. ಆಕಿ ಉಣ್ಣೂದು ಎಲ್ಲಾರದೂ ಆದಮ್ಯಾಗ. ಅಷ್ಟೊತ್ತಿಗೆ ಬೋಗುಣ್ಯಾಗ ಕಾಳ ಎಲ್ಲಿರ್ತಾವ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಎಂಥ ದಡ್ಡಿ ನಾನು! ನಮ್ಮ ಮನೆಯಲ್ಲಿ ಮೊದಲು ಗಂಡ, ಮೈದುನ, ಮಕ್ಕಳು ಉಣ್ಣುತ್ತಾರೆ. ಸವಟು ತಳಕ್ಕೆ ಹಾಕಿ, ಕಾಳು ಎತ್ತಿ ಎತ್ತಿ ಬಡಿಸುವವಳು ನಾನೇ. ಕೊನೆಗೆ ಅತ್ತೆ, ನಾನು. ನಮ್ಮ ತಾಟಿಗೆ ಬೀಳುವುದು ಪಲ್ಯದ ರಸ, ಅದೃಷ್ಟವಿದ್ದರೆ ಅದರಲ್ಲಿ ತೇಲುವ ನಾಲ್ಕು ಕಾಳು. ಮದುವೆಯಾಗಿ ಬಂದಾಗಿನಿಂದ ಅದನ್ನೇ ಉಂಡಿದ್ದರಿಂದ ಅದಕ್ಕೇ ಪಲ್ಯವೆಂದು ಹೆಸರು ಎಂದುಕೊಂಡಿದ್ದೆ. ನನ್ನ ಪಾಲಿನ ಎರಡು ಹಿಡಿ ಕಾಳಿನಿಂದ ಮೈ ತುಂಬಿಕೊಂಡಿದ್ದು ನನ್ನ ಮೈದುನ. ಅವನಿಗೆ ಆ ವರ್ಷ ಹೊಸ ಅಂಗಿ ಹೊಲಿಸಬೇಕಾಗಿ ಬಂದಿತ್ತು. ಮಕ್ಕಳಿಗೆ ಭಾಗಾಕಾರ ಕಲಿಸುವವಳ ಲೆಕ್ಕ ಇದು.

ಡಾಕ್ಟರು ಎದೆಯ ಫೋಟೋದ ಚೀಟಿಯನ್ನು ಬದಿಗಿಟ್ಟು, "ಹದಿನೈದು ದಿನ ಮೊದಲ ಉಣ್ರಿ. ಆಮ್ಯಾಲೆ ನೋಡೂಣು," ಎಂದರು.

ಮೊದಲು ಉಣ್ಣುವುದು! ನನ್ನ ಎಲ್ಲ ಹೆದರಿಕೆಗಳೂ ಇದರ ಮುಂದೆ ಚಿಕ್ಕವಾದವು. ಮರುದಿನ ರವಿವಾರ ಮಧ್ಯಾಹ್ನ ಅತ್ತೆ ಒಲೆಯ ಮುಂದೆ ತಾಟಿಟ್ಟು, "ಕೂಡು" ಎಂದರು.

"ಅವರಿನ್ನೂ ಹೊಲದಿಂದ ಬಂದಿಲ್ರಿ ಅತ್ತಿ."

"ಬಂದವರು ಉಣತಾರ. ನೀ ಕೂಡು."

ಕೂತೆ. ಅತ್ತೆ ತಳದಿಂದ ಎತ್ತಿ ಹೆಸರುಕಾಳು ಹಾಕಿದರು, ಮೇಲೆ ಶೇಂಗಾ ಚಟ್ನಿ, ಬದಿಗೆ ಅರ್ಧ ರೊಟ್ಟಿ. ಎರಡು ತುತ್ತು ಇಳಿದಿರಲಿಲ್ಲ, ಗಂಡ ಕಾಲು ತೊಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಾನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತೆ, ನುಂಗಲೂ ಇಲ್ಲ.

"ಯವ್ವಾ, ಇದೇನ, ಇವತ್ತ ಆಕೀದು ಮೊದಲ?"

"ಕಾಳು ಆಕೀಗೆ ಔಷಧ ಅಂತ," ಎಂದರು ಅತ್ತೆ, ತಿರುಗಿಯೂ ನೋಡದೆ. "ಔಷಧಕ್ಕ ಸರತಿ ಇರೂದಿಲ್ಲ. ಹೋಗಿ ಪಡಸಾಲ್ಯಾಗ ಕೂಡು."

ಅವರು ಹೋಗಿ ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ತುತ್ತು ನುಂಗಿದೆ.

ಹದಿನೈದು ದಿನ ಹೋಗಿ ತಿಂಗಳಾಯಿತು. ತೂಕ ಇಳಿಯುವುದು ನಿಂತಿತು, ನಳಿಕೆಯ ಬಣ್ಣ ಹಸಿರಿನ ಆಚೆ ದಾಟಲಿಲ್ಲ, ಎದೆಯ ಫೋಟೋ ಬೇಕಾಗಲಿಲ್ಲ. ಹೆದರಿಕೆ ಪೂರ್ತಿ ಹೋಯಿತೆಂದು ಸುಳ್ಳು ಹೇಳಲಾರೆ; ಅದು ಕಾಲಿನ ಹತ್ತಿರ ಎಲ್ಲೋ ಇನ್ನೂ ಕೂತಿದೆ. ಆದರೆ ಆರಾಮಾಗಿ ಉಂಡವರಿಗೆ ಸುತ್ತಮುತ್ತ ನೋಡಲು ಪುರುಸೊತ್ತು ಸಿಗುತ್ತದೆ. ಹಾಗೆ ನೋಡಿದಾಗ ಒಂದು ದಿನ ಅತ್ತೆಯ ತಾಟು ಕಣ್ಣಿಗೆ ಬಿತ್ತು. ಎಲ್ಲರದೂ ಮುಗಿದ ಮೇಲೆ, ಈಗ ಜೊತೆಗೆ ನಾನೂ ಇಲ್ಲದೆ, ಅವರು ಒಬ್ಬರೇ ಕೂತು ರೊಟ್ಟಿಯನ್ನು ರಸದಲ್ಲಿ ಅದ್ದುತ್ತಿದ್ದರು. ತಾಟಿನಲ್ಲಿ ಒಂದೇ ಒಂದು ಕಾಳೂ ಇರಲಿಲ್ಲ.

"ಅತ್ತೀ, ನೀವೂ ಕಾಳ ಹಾಕ್ಕೋರಿ."

"ನನಗ ಯಾವ ಡಾಕ್ಟರ ಹೇಳ್ಯಾನ?" ಎಂದರು ಅವರು, ನಿಜವಾಗಿಯೂ ತಿಳಿಯದವರಂತೆ.

ಮರುದಿನ ನಾನು ಎರಡು ತಾಟು ಇಟ್ಟೆ. "ಕೂಡ್ರಿ" ಎಂದೆ. ಅತ್ತೆ ಯಾರದೋ ಮನೆಗೆ ಊಟಕ್ಕೆ ಬಂದವರ ಹಾಗೆ ಸೆರಗು ಸರಿಮಾಡಿಕೊಂಡು ಕೂತರು. ತಳದಿಂದ ಎತ್ತಿ ಎರಡು ಸವಟು ಬಡಿಸಿದೆ. ಇದ್ದ ಕೆಲವೇ ಹಲ್ಲುಗಳಲ್ಲಿ ನಿಧಾನಕ್ಕೆ ಅಗಿದರು. ಏನೆನ್ನುತ್ತಾರೋ ಎಂದು ನಾನು ನೋಡುತ್ತಿದ್ದೆ.

"ಗಿರಿಜಾ," ಎಂದರು ಕೊನೆಗೆ, "ಕಾಳಿನ ಒಳಗ ಉಪ್ಪು ಹತ್ತಿಲ್ಲ ನೋಡವ್ವಾ."

ನಾನು ಚಟ್ನಿ ಇಲ್ಲದೆ ಬರೀ ಕಾಳು ಬಾಯಿಗೆ ಹಾಕಿ ನೋಡಿದೆ. ನಿಜ. ರಸಕ್ಕೆ ಉಪ್ಪು ಸರಿಯಾಗಿತ್ತು, ಕಾಳು ಸಪ್ಪಗಿದ್ದವು. ಗಂಡಸರು ಚಟ್ನಿ ಕಲಸಿಕೊಂಡು ಉಣ್ಣುವವರು, ಈ ಒಂದು ತಿಂಗಳು ನಾನೂ ಹಾಗೇ ಔಷಧದಂತೆ ನುಂಗಿದವಳು; ಯಾರಿಗೂ ಗೊತ್ತಾಗಿರಲಿಲ್ಲ. ಅತ್ತೆ ಐವತ್ತು ವರ್ಷ, ನಾನು ಹದಿನೆಂಟು ವರ್ಷ ಆ ಬೋಗುಣಿಯಲ್ಲಿ ಪಲ್ಯ ಮಾಡಿದ್ದೆವು, ರಸ ಮಾತ್ರ ನೆಕ್ಕಿ ನೋಡಿ ಉಪ್ಪು ಹಾಕಿದ್ದೆವು. ಆವತ್ತಿನಿಂದ ಕಾಳು ಅರ್ಧ ಬೆಂದಾಗಲೇ ಉಪ್ಪು ಹಾಕುತ್ತೇವೆ.