ಒಂಬತ್ತು ಕರಿಕಲ್ಲು

ಅಪ್ಪನಿಗೆ ಪುಣೆಯ ಧನಕವಡಿಯಲ್ಲಿ ಗ್ರಾನೈಟ್ ಚಪ್ಪಡಿಗಳ ಅಂಗಡಿ ಇತ್ತು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಷ್ಟ್ರು. ಹೀಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಕಲ್ಲಿನದೇ ಜಗಳ. ಇಳಕಲ್ಲಿನಿಂದ ಬಂದು ನಲವತ್ತು ವರ್ಷವಾದರೂ ಪುಣೆಯ ಕರಿಕಲ್ಲನ್ನು, ಅಂದರೆ ಬಸಾಲ್ಟನ್ನು, ಅಪ್ಪ ಕಲ್ಲೆಂದೇ ಒಪ್ಪಿರಲಿಲ್ಲ.

“ನಿಮ್ಮ ಪುಣೆ ಕಲ್ಲಿಗೆ ಮುಖಾ-ಮಾರೀನ ಇಲ್ಲೋ ತಮ್ಮಾ,” ಅನ್ನುತ್ತಿದ್ದರು. “ನಮ್ಮ ಇಳಕಲ್ ಕಲ್ಲು ನೋಡು, ಒಂದರ ಹಂಗ ಇನ್ನೊಂದು ಇರಂಗಿಲ್ಲ.”

ನಾನು ಸುಮ್ಮನಿರಬೇಕಲ್ಲ? ಎರಡೂ ಕರಗಿದ ಬಂಡೆಯಿಂದಲೇ ಹುಟ್ಟಿದವು ಎಂದು ಪಾಠ ಶುರುಮಾಡುತ್ತಿದ್ದೆ. ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ಆರಿತು, ಅದಕ್ಕೇ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳು. ಬಸಾಲ್ಟ್ ನೆಲದ ಮೇಲೆ ಹರಿದು ಬೇಗ ಆರಿತು, ಅದರ ಹರಳು ಕಾಣಲು ಭೂತಗನ್ನಡಿಯೂ ಸಾಲದು. ಅಪ್ಪ ಪೂರ್ತಿ ಕೇಳಿ, ಅದನ್ನೇ ತಾನೂ ಹೇಳಿದ್ದು ಎಂದು ಕೈತೊಳೆಯಲು ಏಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಸ್ಮಶಾನದಲ್ಲಿ ಕರ್ಮ ಮಾಡಿಸುವ ಗುರುಜಿ ಒಂದು ಕಲ್ಲು ಆರಿಸಿ, ಅದರಿಂದಲೇ ಮಡಕೆ ಒಡೆಸಿ, ನನ್ನ ಕೈಗಿಟ್ಟರು. ಹತ್ತು ದಿನ ಆ ಅಶ್ಮವೇ, ಆ ಕಲ್ಲೇ, ಅಪ್ಪ. ದಿನಾ ಅದಕ್ಕೆ ಎಳ್ಳುನೀರು ಬಿಟ್ಟು, ಹತ್ತನೆಯ ದಿನ ಹೊಳೆಗೆ ಬಿಡಬೇಕು. ಅಂಗೈಯಗಲದ ಕರಿಕಲ್ಲು, ಪುಣೆಯಲ್ಲಿ ಬೇರೇನು ಸಿಗಬೇಕು? ಅಪ್ಪ ನೋಡಿದ್ದರೆ ಗುರುಜಿಯ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು.

ಆರನೆಯ ದಿನ ಎಳ್ಳುನೀರು ಬಿಟ್ಟ ಮೇಲೆ ಒದ್ದೆ ಕಲ್ಲಿನಲ್ಲಿ ಏನೋ ಮಿನುಗಿದಂತಾಯಿತು. ಹಾಳು ಚಾಳಿ ಬಿಡಬೇಕಲ್ಲ! ಭೂತಗನ್ನಡಿ ಹಿಡಿದು ಬಾಲ್ಕನಿಯ ಬೆಳಕಿಗೆ ಒಯ್ದೆ. ನೀರಿನ ಹನಿ, ಅಷ್ಟೇ. ಅಷ್ಟರಲ್ಲಿ ಮಾತಾಡಿಸಲು ಬಂದ ನೆಂಟರು ಬೆಲ್ ಒತ್ತಿದರು. ಕಲ್ಲನ್ನು ಅಲ್ಲೇ ಇದ್ದ ತಟ್ಟೆಯಲ್ಲಿಟ್ಟು ಎದ್ದೆ. ಕಾತ್ರಜ ಘಾಟಿನಿಂದ ವಿದ್ಯಾರ್ಥಿಗಳು ತಂದ, ಅಷ್ಟೇ ಅಗಲದ ಎಂಟು ಕರಿಕಲ್ಲು ಅದರಲ್ಲಿದ್ದವು, ಇನ್ನೂ ನಂಬರ್ ಬರೆದಿರಲಿಲ್ಲ. ನೆಂಟರನ್ನು ಕಳಿಸಿ ಬರುವಷ್ಟರಲ್ಲಿ ಮಳೆಯ ಎರಚಲು ಒಂಬತ್ತನ್ನೂ ಒಂದೇ ಸಮ ತೋಯಿಸಿತ್ತು. ಯಾವ ಮೂಲೆಯಲ್ಲಿಟ್ಟೆ ಎಂಬುದೇ ನೆನಪಾಗಲಿಲ್ಲ.

ನನ್ನ ವಿದ್ಯೆಗಿಷ್ಟು ಬೆಂಕಿ ಬೀಳ! ಇಪ್ಪತ್ತು ವರ್ಷ ಕಲ್ಲಿನ ಪಾಠ ಹೇಳಿದವನಿಗೆ ಅಪ್ಪ ಯಾವುದೆಂದು ತಿಳಿಯಲಿಲ್ಲ. ಗ್ರಾನೈಟ್ ಆಗಿದ್ದರೆ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದೆ. ನಾಚಿಕೆಯಿಂದ ಯಾರಿಗೂ ಹೇಳದೆ ಮೂರು ದಿನ ಒಂಬತ್ತು ಕಲ್ಲಿಗೂ ಎಳ್ಳುನೀರು ಬಿಟ್ಟೆ.

ಹತ್ತನೆಯ ದಿನ ಬೆಳಿಗ್ಗೆ ತಡೆಯಲಾಗದೆ ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತಟ್ಟೆಯ ಮುಂದೆ ಕೂತು ಒಂದೊಂದೇ ಕಲ್ಲನ್ನು ಸೆರಗಿನಿಂದ ಒರೆಸಿ, ಕೈಯಲ್ಲಿ ಹಿಡಿದು ನೋಡಿ, ಕೆಳಗಿಟ್ಟಳು. ಇವಳಿಗೆ ಸಿಕ್ಕೇ ಸಿಗುತ್ತದೆ ಎಂದು ಅವಳ ಕೈಯನ್ನೇ ನೋಡುತ್ತಿದ್ದೆ.

“ನಲವತ್ತೈದು ವರ್ಷ ಸಂಸಾರ ಮಾಡೇನಿ. ನನಗೂ ಗುರ್ತು ಸಿಗವಲ್ದಲ್ಲೋ,” ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಎಲ್ಲಾರ್ನೂ ಒಯ್ಯಿ. ಒಬ್ಬರನ್ನೂ ಮನ್ಯಾಗ ಉಳಸಬ್ಯಾಡ,” ಅಂದಳು.

ಮುಠಾ ನದಿಯ ಘಾಟಿನಲ್ಲಿ ಗುರುಜಿ ನನ್ನ ಭಾರದ ಚೀಲವನ್ನೊಮ್ಮೆ ನೋಡಿ ಮಂತ್ರ ಶುರುಮಾಡಿದರು. ಪ್ರತಿ ಕಲ್ಲಿಗೂ ಅಪ್ಪನ ಹೆಸರು, ಗೋತ್ರ ಹೇಳಿ ನೀರಿಗೆ ಬಿಟ್ಟೆ. ಪ್ರತಿ ಸಲವೂ ಇದಲ್ಲ, ಮುಂದಿನದು ಅಪ್ಪ ಇರಬೇಕು ಅನ್ನಿಸುತ್ತಿತ್ತು. ಒಂಬತ್ತನೆಯದು ಮುಳುಗಿದ ಮೇಲೂ ಹಾಗೇ ಅನ್ನಿಸಿ, ಖಾಲಿ ಚೀಲದೊಳಗೆ ಕೈಹಾಕಿ ತಡಕಾಡಿದೆ.