ವೈಫೈ ಇತ್ತು, ಇಂಟರ್ನೆಟ್ ಇರಲಿಲ್ಲ

ಗೋನೆಗಂಡ್ಲದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಹೃದಯದ ಡಾಕ್ಟರು ಇರುತ್ತಿದ್ದುದು ಆದೋನಿಯಲ್ಲಿ. ಇಲ್ಲಿ ನರ್ಸಮ್ಮ ಇಸಿಜಿ ತೆಗೆದರೆ ಅದನ್ನು ಅವರಿಗೆ ಕಳಿಸುವುದು ನನ್ನ ಕೆಲಸ.

ಆ ಮಧ್ಯಾಹ್ನ ಕುರಿ ಕಾಯುವವನೊಬ್ಬನನ್ನು ಆತನ ಹೆಂಡತಿ ಆಟೋದಲ್ಲಿ ಕರೆತಂದಳು. ಎದೆ ಹಿಡಿದುಕೊಂಡಿದ್ದ, ಅಂಗಿಯೆಲ್ಲ ಬೆವರು. ನರ್ಸಮ್ಮ ಆಂಬುಲೆನ್ಸ್‌ಗೆ ಫೋನ್ ಮಾಡಿ, ಇಸಿಜಿ ತೆಗೆದು, "ಜಲ್ದಿ ಕಳಿಸವ್ವಾ. ಡಾಕ್ಟರು ನೋಡಿ ಹೇಳಾತನಕ ನಾ ಸೂಜಿ ಹಾಕಾಂಗಿಲ್ಲ" ಎಂದರು.

ಕಳಿಸಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

ಆತನ ಹೆಂಡತಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಮೂಲೆಯ ವೈಫೈ ಗುರುತು ತೋರಿಸಿ, "ಗೀಟು ಪೂರಾ ಅದಾವಲ್ಲ ತಾಯಿ, ಮತ್ಯಾಕ ಹೋಗವಲ್ದು?" ಎಂದಳು.

"ವೈಫೈ ಅಂದ್ರ ಈ ಕಂಪ್ಯೂಟರಿಂದ ಆ ರೂಟರ್ ತನಕ ಅಷ್ಟ ಅವ್ವಾ," ಗೋಡೆಯ ಡಬ್ಬಿ ತೋರಿಸಿದೆ. "ಅಲ್ಲಿಂದ ಆದೋನಿಗಿ ಹೋಗಾ ದಾರಿ ಬ್ಯಾರೆ. ಅದು ಇಂಟರ್ನೆಟ್ಟು."

"ಆ ದಾರಿಗಿ ಏನಾಗೈತಿ?"

ನೋಡಲು ಪಿಂಗ್ ಕೊಟ್ಟೆ. ಪಿಂಗ್ ಎಂದರೆ 'ಇದ್ದೀಯಾ?' ಎಂದು ಕೂಗಿ ನೋಡಿದ ಹಾಗೆ. ರೂಟರ್ ಓಗೊಟ್ಟಿತು. ಹೊರಗಿನ ಸರ್ವರ್ ಓಗೊಡಲಿಲ್ಲ. ಬೀದಿಗೆ ಓಡಿದೆ. ಚರಂಡಿ ತೋಡುತ್ತಿದ್ದ ಜೆಸಿಬಿಯ ಪಕ್ಕ ನಮ್ಮ ಇಂಟರ್ನೆಟ್ಟಿನ ಫೈಬರ್ ಕೇಬಲ್ ತುಂಡಾಗಿ ಬಿದ್ದಿತ್ತು.

ಒಳಗೆ ಆತನ ನರಳಾಟ ಜೋರಾಗಿತ್ತು. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ ಕಂಪ್ಯೂಟರಿಗೆ ಸೇರಿಸಿದೆ. ಅಪ್‌ಲೋಡ್ ತೆವಳುತ್ತ ಹೊರಟು ಅರ್ಧಕ್ಕೆ ನಿಂತಿತು. ಫೈಲು ಭಾರ, ದಾರಿ ಇಕ್ಕಟ್ಟು. ಆ ದಾರಿಯ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಸಾಲದಿದ್ದರೆ ಏನಾಗುತ್ತದೆಂದು ಆಗ ತಿಳಿಯಿತು. ಇಸಿಜಿ ಕಾಗದವನ್ನೇ ಕಿತ್ತುಕೊಂಡು ಮಾಳಿಗೆ ಹತ್ತಿದೆ. ನೀರಿನ ಟ್ಯಾಂಕಿನ ಪಕ್ಕ ಸಿಗ್ನಲ್ ಸಿಕ್ಕಿತು. ಫೋಟೋ ತೆಗೆದು, ಗಾತ್ರ ಇಳಿಸಿ ಕಳಿಸಿದೆ. ಹೋಯಿತು.

ಮೆಟ್ಟಿಲಿಳಿಯುವಾಗಲೇ ಡಾಕ್ಟರ ಫೋನ್ ಬಂತು. "ಹಾರ್ಟ್ ಅಟ್ಯಾಕೇ ಐತಿ. ನರ್ಸಮ್ಮಗ ಕೊಡು, ಜಲ್ದಿ!"

ಸೂಜಿ ಹಾಕಿದರು. ಆದೋನಿಗೆ ಕರೆದೊಯ್ಯಲು ಆಂಬುಲೆನ್ಸ್ ಬಂತು. ಹತ್ತುವ ಮುಂಚೆ ಆತನ ಹೆಂಡತಿ ನನ್ನ ನಂಬರ್ ಬರೆಸಿಕೊಂಡಳು.

ಮರುದಿನವೆಲ್ಲ ಸುದ್ದಿಯಿಲ್ಲ. ಆಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ ಹೆದರುತ್ತಲೇ ಎತ್ತಿದೆ.

"ಎದ್ದು ಕುಂತಾನವ್ವಾ," ಆಕೆಯ ದನಿ. "ಕುರಿ ಕಾಯಾಕ ಯಾರೂ ಇಲ್ಲ, ಮನಿಗಿ ಹೋಗಾಮು ಅಂತ ಜಗಳ ತಗದಾನ. ನೀನಾರ ಹೇಳು."

ಫೋನು ಆತನ ಕೈಗೆ ಹೋಯಿತು. "ಡಾಕ್ಟರು ಬಿಡಾತನಕ ಕದಲಬ್ಯಾಡ್ರಿ," ಎಂದು ಮುಖವನ್ನೂ ಸರಿಯಾಗಿ ನೋಡಿರದ ಆ ಮನುಷ್ಯನನ್ನು ಗದರಿದೆ.