ಭಾವನ ಎಪ್ಪತ್ತೆರಡು ಕಿಲೋ

ನಮ್ಮ ಭಾವ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಪತ್ರಿಕೆಯಲ್ಲಿದ್ದಾರೆ" ಎಂದು ಹೇಳಿ ಮಾತು ಬದಲಿಸುತ್ತೇನೆ. ಪೂರ್ತಿ ಹೇಳಿದರೆ ಜನ ನಗುತ್ತಾರೆ. ಬೇರೆಯವರ ಸೈಕಲ್ಲನ್ನು ಊರ ಹಿಂದಿನ ಹಳೆಯ ಕಲ್ಲು ಕ್ವಾರಿಗೆ ಒಯ್ದು, ಓಡಿಸಿ, ಅದರಲ್ಲಿ ಏನು ಕೊರತೆ ಇದೆ ಎಂದು ಬರೆಯುವುದು ಅವರ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ. ಅವರ ಹಿಂದೆ ಹೋಗಿ ಫೋಟೋ ತೆಗೆಯುವುದು ನನ್ನ ಕೆಲಸ. ನನಗೂ ಕೊಡುತ್ತಾರೆ, ಕಡಿಮೆ.

ಸೈಕಲ್ ಎಂದರೆ ಹಾಲಿನವನು ತರುವ ಸೈಕಲ್ ಅಲ್ಲ. ಬೆಟ್ಟದ ದಾರಿಯಲ್ಲಿ ರೇಸ್ ಓಡಿಸುವ ಸೈಕಲ್. ಮೈಯೆಲ್ಲ ಕಾರ್ಬನ್, ಒಂದೇ ಕೈಯಲ್ಲಿ ಎತ್ತಬಹುದು. ಮುಂದೊಂದು ಹಿಂದೊಂದು ಕುಲುಕು ತಡೆಯಲು ಗಾಳಿ ತುಂಬಿದ ಶಾಕ್ ಇರುತ್ತದೆ. ಕಲ್ಲು ಸಿಕ್ಕಿದಾಗ ಚಕ್ರ ಮೇಲೇಳುತ್ತದೆ, ಸವಾರ ಏಳುವುದಿಲ್ಲ. ಆ ಗಾಳಿ ಸವಾರನ ತೂಕಕ್ಕೆ ಸರಿಯಾಗಿ ಇರಬೇಕು. ಕಡಿಮೆಯಾದರೆ ಸೈಕಲ್ ಕುಸಿದು ಕೂರುತ್ತದೆ, ಹೆಚ್ಚಾದರೆ ಕತ್ತೆಯ ಹಾಗೆ ಒದೆಯುತ್ತದೆ. ಬೆಲೆ ಎಷ್ಟೆಂದು ಅಕ್ಕ ಒಮ್ಮೆ ಕೇಳಿದ್ದಳು. ಭಾವ ಹೇಳಿದ ಮೇಲೆ ಮತ್ತೆ ಕೇಳಲಿಲ್ಲ.

ಭಾವ ಯಾವ ಸೈಕಲ್ಲನ್ನೂ ಸುಮ್ಮನೆ ಹೊಗಳಿದವರಲ್ಲ. ಅಳೆದೂ ಸುರಿದೂ ಒಂದು ಒಳ್ಳೆಯ ಮಾತು ಹೇಳುತ್ತಾರೆ, ಅದರ ಹಿಂದೆಯೇ ಒಂದು "ಆದರೆ" ಬರುತ್ತದೆ. ಸೈಕಲ್ ತಯಾರಿಸುವವರು ಅವರ "ಆದರೆ"ಗೆ ಹೆದರುತ್ತಿದ್ದರು. ಅವರು ಬರೆದದ್ದನ್ನು ಪತ್ರಿಕೆ ಒಮ್ಮೆಯೂ ತಿದ್ದಿರಲಿಲ್ಲ. ಈ ವಿಷಯವನ್ನು ಭಾವ ತಾವಾಗಿ ಎಂದೂ ಎತ್ತುತ್ತಿರಲಿಲ್ಲ. ಬೇರೆ ಯಾರಾದರೂ ಎತ್ತುವ ತನಕ ಮಾತನ್ನು ಅದರ ಸುತ್ತಲೇ ತಿರುಗಿಸುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಯಾವ ಸೈಕಲ್ ಬಂದರೂ ಕ್ವಾರಿಯ ಅದೇ ದಾರಿ, ಅದೇ ಬೂಟು, ಬಾಟಲಿಯಲ್ಲಿ ಅದೇ ಗೆರೆಯ ತನಕ ನೀರು. ಮನೆಯ ಹಿಂದಿನ ಶೆಡ್ಡಿನ ತೊಲೆಗೆ ಒಂದು ದೊಡ್ಡ ಕೊಕ್ಕೆ ತಕ್ಕಡಿ ತೂಗುಹಾಕಿದ್ದರು. ಬಾಗಿಲು ಮುಚ್ಚಿದ ಹಳೇ ಪೇಪರ್ ಅಂಗಡಿಯಿಂದ ತಂದದ್ದು, ದುಂಡನೆಯ ಮುಖ, ಒಂದೇ ಮುಳ್ಳು. ಬಂದ ಸೈಕಲ್ಲನ್ನು ಮೊದಲು ಅದಕ್ಕೆ ನೇತು ಹಾಕಬೇಕು. ತಯಾರಕರು ಹೇಳುವ ತೂಕವನ್ನು ಭಾವ ನಂಬುತ್ತಿರಲಿಲ್ಲ.

"ನೋಡು, ಅಳತೆ ಕೋಲು ಉದ್ದ ಗಿಡ್ಡ ಆಗಬಾರ್ದು," ಎಂದು ನನಗೆ ಪಾಠ ಹೇಳುತ್ತಿದ್ದರು. "ಈ ಕೆಲಸದಲ್ಲಿ ಕೋಲು ನಾನೇ. ಎಪ್ಪತ್ತೆರಡು ಕಿಲೋ. ಮದುವೆ ದಿನ ಎಷ್ಟಿದ್ದೆನೋ ಇವತ್ತೂ ಅಷ್ಟೇ."

"ತೂಕ ನೋಡ್ಕೊಂಡ್ರಾ ಭಾವ?"

"ನೋಡೋದೇನು? ಅದೇ ಪ್ಯಾಂಟು, ಅದೇ ಗುಂಡಿ."

ರೇಸಿನವರು ಹಾಕುವ ಬಿಗಿ ಚಡ್ಡಿ ಅವರಿಗೆ ಹಿಡಿಸುತ್ತಿರಲಿಲ್ಲ. ಕ್ವಾರಿಗೆ ಹೋಗುವಾಗ ಅಕ್ಕ ಹೊಲಿದುಕೊಟ್ಟ ಬೂದು ಬಣ್ಣದ ಪ್ಯಾಂಟೇ ಬೇಕು. ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೆಳಗ್ಗೆ ಪ್ಯಾಂಟಿನ ಗುಂಡಿ ಸಲೀಸಾಗಿ ಹಾಕಲು ಬಂದರೆ ಭಾವ ಹೊಟ್ಟೆಯ ಮೇಲೆ ಎರಡು ಸಲ ತಟ್ಟಿಕೊಂಡು ಹೊರಡುತ್ತಿದ್ದರು. ಶಾಕಿನ ದಂಡದ ಮೇಲೆ ಒಂದು ಪುಟ್ಟ ರಬ್ಬರ್ ಉಂಗುರ ಇರುತ್ತದೆ. ಸವಾರ ಸುಮ್ಮನೆ ಕೂತಾಗ ಅದು ಎಲ್ಲಿಗೆ ಜಾರುತ್ತದೆ ಎಂದು ನೋಡಿದರೆ ಗಾಳಿ ಸಾಕೋ ಸಾಲದೋ ಗೊತ್ತಾಗುತ್ತದೆ. ಭಾವ ಅದನ್ನು ನೋಡುತ್ತಿರಲಿಲ್ಲ. ಅದು ಹೊಸಬರ ಕೆಲಸವಂತೆ. ತಯಾರಕರ ಪಟ್ಟಿಯಲ್ಲಿ ಎಪ್ಪತ್ತೆರಡರ ಎದುರಿಗೆ ಎಷ್ಟಿದೆಯೋ ಅಷ್ಟು ಗಾಳಿ ಹೊಡೆದು ಹತ್ತಿಬಿಡುತ್ತಿದ್ದರು.

ಇಷ್ಟು ತಿಳಿದಿದ್ದರೆ ಸಾಕು, ಇನ್ನು ದೋಣಿ ಮೇಡಂ ವಿಷಯಕ್ಕೆ ಬರುತ್ತೇನೆ.

ಆಕೆ ಮೊದಲು ರೇಸಿನ ದೋಣಿ ತಯಾರಿಸುತ್ತಿದ್ದವರು, ಅದಕ್ಕೇ ನಾವು ಇಟ್ಟ ಹೆಸರು. ದೋಣಿ ಬಿಟ್ಟು, ಒಂದು ಶೆಡ್ಡಿನಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡು, ವರ್ಷಗಟ್ಟಲೆ ಹೆಣಗಿ ಒಂದೇ ಒಂದು ಮಾದರಿಯ ಸೈಕಲ್ ಮಾಡಿದ್ದರು. ಒಂದು ರೇಸ್ ತಂಡದವರು ಅದನ್ನು ನೋಡಿ, ಇಷ್ಟಪಟ್ಟು, ಕೊನೆಗೆ "ಕ್ವಾರಿಯವರು ಏನು ಬರೀತಾರೋ ನೋಡೋಣ" ಎಂದಿದ್ದರಂತೆ. ಕ್ವಾರಿಯವರು ಎಂದರೆ ನಮ್ಮ ಭಾವ. ಅವರು ಹೂಂ ಅಂದರೆ ತಂಡ ತೆಗೆದುಕೊಳ್ಳುತ್ತದೆ. ಊಹೂಂ ಅಂದರೆ ಶೆಡ್ಡಿಗೆ ಬೀಗ, ಮೇಡಂ ವಾಪಸ್ ದೋಣಿಗೆ. ಇದನ್ನೆಲ್ಲ ಆಕೆ ಅಳದೆ, ಬೇಡಿಕೊಳ್ಳದೆ, ಬಸ್ಸಿನ ಸಮಯ ಹೇಳುವಂತೆ ಹೇಳಿದರು. ಸೈಕಲ್ಲನ್ನು ಮಗುವಿನ ಕಂಬಳಿಯಲ್ಲಿ ಸುತ್ತಿ ತಂದಿದ್ದರು.

"ಸರ್, ನಿಮ್ಮ ತೂಕ ಎಷ್ಟು? ಶಾಕಿಗೆ ನಾನೇ ಗಾಳಿ ಹೊಡೆದು ಕೊಡ್ತೀನಿ."

"ಎಪ್ಪತ್ತೆರಡು."

ಮೇಡಂ ಭಾವನನ್ನು ನೋಡಿದರು. ಆಮೇಲೆ ಸೈಕಲ್ಲನ್ನು ನೋಡಿದರು. ಆಮೇಲೆ ಎಪ್ಪತ್ತೆರಡಕ್ಕೇ ಗಾಳಿ ಹೊಡೆದರು.

ಕ್ವಾರಿಯಲ್ಲಿ ಆ ಸೈಕಲ್ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಏರಿನಲ್ಲಿ ಭಾವ ಒಂದೊಂದು ಸಲ ತುಳಿದಾಗಲೂ ಹಿಂಭಾಗ ಕುಸಿದು ಮೇಲೆದ್ದು ಒದ್ದಾಡಿತು. ದಾರಿಗೆ ಅಡ್ಡವಾಗಿರುವ ಮೆಟ್ಟಿಲುಬಂಡೆಯ ಹತ್ತಿರ ಪೆಡಲ್ಲು ಕಲ್ಲಿಗೆ ಬಡಿದು ಭಾವ ಕಾಲು ಕೆಳಗಿಟ್ಟರು. ಅವರು ಅಲ್ಲಿ ಕಾಲಿಟ್ಟದ್ದನ್ನು ನಾನು ನೋಡಿರಲೇ ಇಲ್ಲ. ಇಳಿಜಾರಿನಲ್ಲಿ ಶಾಕ್ ತಳಕ್ಕೆ ಬಡಿದು ಟಕ್ ಎಂದ ಸದ್ದು ನನಗೂ ಕೇಳಿಸಿತು. ಕೆಳಗೆ ಬಂದಾಗ ರಬ್ಬರ್ ಉಂಗುರ ದಂಡದ ತುದಿಯಲ್ಲಿ ನೇತಾಡುತ್ತಿತ್ತು. ನಾನು ಅದರದೂ ಒಂದು ಫೋಟೋ ತೆಗೆದೆ.

"ಈಗೀಗ ಎಲ್ಲರ ಸೈಕಲ್ಲೂ ಹೀಗೇ, ಮೆತ್ತಗೆ," ಎಂದರು ಭಾವ. "ಇದು ಎಲ್ಲಕ್ಕಿಂತ ಮೆತ್ತಗೆ. ಪಾಪ, ಆಯಮ್ಮ ದೋಣಿ ಮಾಡ್ಕೊಂಡೇ ಇರಬೇಕಿತ್ತು."

ಮಾರನೆಯ ದಿನ ಮಧ್ಯಾಹ್ನ ಪತ್ರಿಕೆ ಅಚ್ಚಿಗೆ ಹೋಗಬೇಕು. ಸಂಜೆಯೇ ಭಾವ ಬರೆದು ಮುಗಿಸಿದರು. ಬರೆದದ್ದನ್ನು ಕಳಿಸುವ ಮೊದಲು ಅಕ್ಕನ ಮುಂದೆ ಗಟ್ಟಿಯಾಗಿ ಓದುವುದು ನಮ್ಮ ಮನೆಯ ರೂಢಿ. ಅಕ್ಕನಿಗೆ ಸೈಕಲ್ ಹತ್ತಲೂ ಬರುವುದಿಲ್ಲ. ಅವಳು ತನ್ನ ಪಾಡಿಗೆ ಮಿಷನ್ ತುಳಿಯುತ್ತಿರುತ್ತಾಳೆ. ಮಿಷನ್ ನಿಂತಿತೆಂದರೆ ಆ ವಾಕ್ಯ ಸರಿಯಾಗಿಲ್ಲ ಎಂದರ್ಥ. ಭಾವ ಅದನ್ನು ಹೊಡೆದುಹಾಕಿ ಬೇರೆ ಬರೆಯುತ್ತಾರೆ.

ಆವತ್ತು ಭಾವ ಓದುತ್ತಾ ಹೋದರು, ಮಿಷನ್ ಓಡುತ್ತಾ ಹೋಯಿತು. ಕೊನೆಗೆ, "ಎಪ್ಪತ್ತೆರಡು ಕಿಲೋ ತೂಗುವ ಸವಾರನನ್ನು ಹೊರಲಾರದ ಈ ಸೈಕಲ್ಲು ರೇಸಿಗೆ ತಕ್ಕುದಲ್ಲ" ಎಂದು ಓದಿದರು.

ಮಿಷನ್ ನಿಂತಿತು.

"ಏನಾಯ್ತು? ವಾಕ್ಯ ಉದ್ದ ಆಯ್ತಾ?"

"ಅಲ್ಲ," ಎಂದಳು ಅಕ್ಕ. "ಯಾವ ಸವಾರ ರೀ ಅದು, ಎಪ್ಪತ್ತೆರಡು ಕಿಲೋ?"

"ಯಾವ ಸವಾರ ಅಂದ್ರೆ? ನಾನೇ."

ಅಕ್ಕ ದಾರ ಕತ್ತರಿಸಿದಳು. ಬಟ್ಟೆ ಮಡಚಿಟ್ಟಳು. ಕತ್ತರಿಯನ್ನು ಅದರ ಜಾಗದಲ್ಲಿ ಇಟ್ಟಳು. ಇಷ್ಟು ನಿಧಾನಕ್ಕೆ ಅವಳು ಏನನ್ನಾದರೂ ಮಾಡಿದರೆ ನನಗೆ ಚಿಕ್ಕಂದಿನಿಂದಲೂ ಭಯ.

"ಇದರಿಂದ ಆ ಮೇಡಂಗೆ ತೊಂದರೆ ಆಗತ್ತಾ?" ಎಂದು ನನ್ನನ್ನು ಕೇಳಿದಳು.

"ಮುಗೀತು ಅಕ್ಕ, ಅವರ ಕಥೆ."

ಅವಳು ಒಳಗೆ ಹೋಗಿ ಬೂದು ಪ್ಯಾಂಟು ತಂದು, ಒಳಮೈ ತಿರುಗಿಸಿ, ಸೊಂಟಪಟ್ಟಿಯ ಹಿಂಭಾಗವನ್ನು ದೀಪಕ್ಕೆ ಹಿಡಿದಳು. ಹೊಲಿಗೆಯ ಪಕ್ಕ ಸೂಜಿಯ ಸಣ್ಣ ಸಣ್ಣ ತೂತುಗಳ ಒಂದು ಸಾಲು. ಅದರ ಆಚೆ ಇನ್ನೊಂದು. ಅದರಾಚೆ ಮತ್ತೊಂದು. ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಬಿಟ್ಟು, ಮತ್ತೆ ಹೊಲಿದ ಗುರುತುಗಳು.

"ನೀವು ಬಿದ್ದು ಭುಜದ ಮೂಳೆ ಮುರ್ಕೊಂಡು ಮಲಗಿದ್ರಲ್ಲ," ಎಂದಳು. "ಎದ್ದ ಮೇಲೆ ಗುಂಡಿ ಹಾಕೋಕಾಗ್ಲಿಲ್ಲ. ಆ ದಿನವೆಲ್ಲ ಮುಖ ಬಾಡಿಸ್ಕೊಂಡು ಕೂತಿದ್ರಿ, ಯಾರ ಜೊತೇನೂ ಮಾತಿಲ್ಲ. ನಂಗೆ ನೋಡೋಕಾಗ್ಲಿಲ್ಲ. ಒಂಚೂರು ಬಿಚ್ಚಿ ಹೊಲಿದೆ. ಮಾರನೇ ದಿನ ಹಾಕ್ಕೊಂಡು, ನೋಡೇ, ಮೊದಲಿನ ಹಾಗೇ ಇದೀನಿ ಅಂತ ಮನೆಯೆಲ್ಲ ಓಡಾಡಿದ್ರಿ. ಅಷ್ಟು ಖುಷಿ ಪಡೋರಿಗೆ ನಾನು ಹೇಗೆ ಹೇಳ್ಲಿ? ಆಮೇಲೆ ಪ್ರತಿ ವರ್ಷ ಒಂಚೂರು, ಒಂಚೂರು..."

ಭಾವ ಪ್ಯಾಂಟನ್ನು ನೋಡಲಿಲ್ಲ. ಎದ್ದು ಶೆಡ್ಡಿಗೆ ಹೋದರು. ನಾನೂ ಹಿಂದೆ ಹೋದೆ.

ಕೊಕ್ಕೆ ತಕ್ಕಡಿಯ ಕೆಳಗೆ ನಿಂತು, ಎರಡೂ ಕೈಯಲ್ಲಿ ಕೊಕ್ಕೆ ಹಿಡಿದು, ಮಂಡಿ ಮಡಿಸಿ ಕಾಲು ಮೇಲೆತ್ತಿದರು. ಸುತ್ತಮುತ್ತಲೆಲ್ಲ ಸೈಕಲ್ ತಯಾರಕರನ್ನು ನಡುಗಿಸುವ ಮನುಷ್ಯ ಸೋರೆಕಾಯಿಯಂತೆ ನೇತಾಡುತ್ತಾ, "ಎಷ್ಟು?" ಎಂದರು.

"ಎಂಬತ್ತಮೂರು ಭಾವ."

"ಮುಳ್ಳು ಕೆಟ್ಟಿದೆ."

ಸೈಕಲ್ಲನ್ನು ನೇತುಹಾಕಿ ನೋಡಿದರು. ಬಂದ ದಿನ ಎಷ್ಟಿತ್ತೋ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೆ ನೇತಾಡಲು ಹೇಳಿದರು. ಹಿಂದಿನ ವಾರ ಡಾಕ್ಟರು ಹೇಳಿದ ತೂಕವನ್ನೇ ಅದು ಹೇಳಿತು. ಭಾವ ಇನ್ನೊಂದು ಸಲ ನೇತಾಡಿದರು. ಈ ಸಲ ಬೂಟು ಬಿಚ್ಚಿ. ಮುಳ್ಳು ಹೆಚ್ಚು ಕಡಿಮೆ ಅಲ್ಲೇ ನಿಂತಿತು.

ಕೆಳಗಿಳಿದವರು ಪಂಪಿನ ಡಬ್ಬದ ಮೇಲೆ ಕೂತರು. ನಾನು ಅವರನ್ನು ಕಿಚಾಯಿಸಲು ಎರಡು ಮಾತು ಸಿದ್ಧ ಮಾಡಿಕೊಂಡಿದ್ದೆ. ಮುಖ ನೋಡಿ ಬಿಟ್ಟುಬಿಟ್ಟೆ. ಅವರಿಗೆ ಹೊಟ್ಟೆ ಬಂದದ್ದಕ್ಕಲ್ಲ ದುಃಖ. ಹೊಟ್ಟೆ ನಮಗೆಲ್ಲ ಕಾಣುತ್ತಲೇ ಇತ್ತು, ದಿನಾ ನೋಡುವವರು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಅಳತೆ ಕೋಲು ತಾನೇ ಎಂದುಕೊಂಡವರು ಅವರು, ಆ ಕೋಲೇ ಉದ್ದವಾಗಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

"ಮೆತ್ತಗೆ, ಮೆತ್ತಗೆ ಅಂತ ಎಷ್ಟು ಸೈಕಲ್ಲಿಗೆ ಬರೆದೆ ನಾನು," ಎಂದರು ಕೊನೆಗೆ. "ಅವೆಲ್ಲ ಸರಿಯಾಗೇ ಇದ್ವೇನೋ."

ಆ ರಾತ್ರಿ ಅಕ್ಕ ಬಡಿಸಿದಳು, ಭಾವ ತಟ್ಟೆ ನೋಡುತ್ತಾ ಉಂಡರು. ಕೋಪವೋ ನಾಚಿಕೆಯೋ ಅವರಿಗೇ ತಿಳಿದಂತಿರಲಿಲ್ಲ.

ಬೆಳಗ್ಗೆ ಮೇಡಂ ಸೈಕಲ್ ವಾಪಸ್ ತೆಗೆದುಕೊಂಡು ಹೋಗಲು ಬಂದರು. ಕಂಬಳಿ ಮಡಚಿ ಕೈಯಲ್ಲಿ ಹಿಡಿದಿದ್ದರು. ಏನು ಬರೆದಿರಿ ಎಂದು ಕೇಳಲಿಲ್ಲ.

"ನಿಮ್ಮ ಪಂಪು ತಂದಿದೀರಾ?" ಎಂದರು ಭಾವ. "ಎಂಬತ್ತಮೂರಕ್ಕೆ ಗಾಳಿ ಹೊಡೀರಿ."

"ಎಂಬತ್ತಮೂರಾ?" ಎಂದರು ಮೇಡಂ. "ನಾನು ಎಂಬತ್ತೈದು ಅಂದ್ಕೊಂಡಿದ್ದೆ."

"ಹಾಗಿದ್ರೆ ಆವತ್ತೇ ಹೇಳಬಾರ್ದಿತ್ತಾ?"

"ನಿಮಗಾ ಸರ್?"

ಭಾವ ಹತ್ತಿ ಕೂತು, ಮೊದಲ ಬಾರಿಗೆ ಬಗ್ಗಿ ರಬ್ಬರ್ ಉಂಗುರ ಎಲ್ಲಿದೆ ಎಂದು ನೋಡಿದರು. ಎಲ್ಲಿರಬೇಕೋ ಅಲ್ಲೇ ಇತ್ತು.

ಕ್ವಾರಿಯಲ್ಲಿ ಅದೇ ಸೈಕಲ್ ಬೇರೆಯದೇ ಆಗಿತ್ತು. ಏರಿನಲ್ಲಿ ತುಳಿದದ್ದೆಲ್ಲ ಚಕ್ರಕ್ಕೇ ಹೋಯಿತು. ಮೆಟ್ಟಿಲುಬಂಡೆಯನ್ನು ಪೆಡಲ್ಲು ಎಲ್ಲೂ ತಾಗದೆ ದಾಟಿದರು. ಇಳಿಜಾರಿನಲ್ಲಿ ಟಕ್ ಎಂಬ ಸದ್ದು ಬರುತ್ತದೆಯೇ ಎಂದು ನಾನೂ ಮೇಡಮ್ಮೂ ಉಸಿರು ಬಿಗಿಹಿಡಿದು ಕೇಳಿದೆವು. ಬರಲಿಲ್ಲ. ಮೇಡಂ ಕಂಬಳಿಯಿಂದ ಮುಖ ಒರೆಸಿಕೊಂಡರು. ಧೂಳು ಎಂದರು. ಧೂಳಿತ್ತು, ಅದೂ ನಿಜ.

ಭಾವ ಹಳೆಯದನ್ನು ಹರಿದು ಹೊಸದಾಗಿ ಬರೆದರು. ತಾವು ಓಡಿಸಿದ ರೇಸ್ ಸೈಕಲ್ಲುಗಳಲ್ಲಿ ಇದಕ್ಕಿಂತ ಚೆನ್ನಾಗಿ ಏರು ಹತ್ತಿದ್ದು ಇನ್ನೊಂದಿಲ್ಲ ಎಂದರು. ಆದರೆ ನೀರಿನ ಬಾಟಲಿ ತೆಗೆಯುವಾಗ ಕೈಗೆ ಚೌಕಟ್ಟು ಅಡ್ಡ ಬರುತ್ತದೆ ಎಂದರು. ಏರು ಹತ್ತಲು ತಮಗೆ ಹಿಂದಿನ ವರ್ಷಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಅದಕ್ಕೆ ಸೈಕಲ್ ಕಾರಣವಲ್ಲ ಎಂದರು. ಕೊನೆಯಲ್ಲಿ, ಭುಜ ಮುರಿದು ಎದ್ದ ಮೇಲೆ ತಾವು ಮೆತ್ತಗೆ ಎಂದು ತಳ್ಳಿಹಾಕಿದ ಸೈಕಲ್ಲುಗಳ ಹೆಸರನ್ನೆಲ್ಲ ಬರೆದು, ಆ ತೀರ್ಪುಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಸವಾರನ ತೂಕ ತಪ್ಪಾಗಿತ್ತು ಎಂದು ಸೇರಿಸಿದರು.

ಸಂಪಾದಕರು ಫೋನ್ ಮಾಡಿ, "ಕೊನೇದು ಬೇಕಾ? ಯಾರೂ ಕೇಳಿಲ್ಲವಲ್ಲ," ಎಂದರು.

"ಹಾಕಿ," ಎಂದು ಭಾವ ಫೋನ್ ಇಟ್ಟರು.

ಆಮೇಲೆ ಬೂದು ಪ್ಯಾಂಟು ಹಿಡಿದುಕೊಂಡು ಮುಂದಿನ ಕೋಣೆಗೆ ಬಂದರು. ಅಕ್ಕ ಮಿಷನ್ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಇನ್ನು ಮುಂದೆ ಬಿಚ್ಚೋವಾಗ ನಂಗೊಂದು ಮಾತು ಹೇಳು," ಎಂದರು ಭಾವ. "ಬಿಚ್ಚಬೇಡ ಅಂತಲ್ಲ. ಹೇಳು, ಅಷ್ಟೆ."

"ಇನ್ನೇನು ಬಿಚ್ಚಲಿ? ಒಳಗೆ ಬಟ್ಟೆ ಮುಗೀತು."

ಭಾವ ಪ್ಯಾಂಟಿನ ಒಳಮೈ ತಿರುಗಿಸಿ ನೋಡಿದರು. ಆ ತೂತುಗಳ ಸಾಲಿನ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ಹೊಸದು ಹೊಲಿ," ಎಂದರು. "ಅಳತೆ ತಗೋ."

ಅಕ್ಕ ಎದ್ದು ಕೊರಳಲ್ಲಿದ್ದ ಟೇಪು ತೆಗೆದಳು. ಭಾವ ಎರಡೂ ಕೈ ಎತ್ತಿ, ಗೋಡೆ ನೋಡುತ್ತಾ ನೆಟ್ಟಗೆ ನಿಂತರು. ಅಕ್ಕ ಟೇಪನ್ನು ಅವರ ಸೊಂಟದ ಸುತ್ತ ತಂದು, ಮುಂದೆ ಎರಡೂ ತುದಿ ಹಿಡಿದು ಕಾದಳು.

"ಉಸಿರು ಬಿಡಿ," ಎಂದಳು.

ಭಾವ ಬಿಟ್ಟರು.